ಕಾಲು ಹೇಗಿದೆ ಅಂತ ಕೇಳಿದರೆ

ಚಿ. ಸಿಂಧುವಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊಯ್ಲು ಮುಗಿಯುತ್ತಾ ಬಂತು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯೂ ಮುಗಿಯಿತು. ತೆಪ್ಪೋತ್ಸವ ನೋಡಿಕೊಂಡು ತುಂಗೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆವು. ನಿನ್ನ ಹೆಸರಿನಲ್ಲಿ ದೊಡ್ಡಮ್ಮ ಬೆಂಡು ಬತ್ತಾಸು ಕೊಂಡು ಡಬ್ಬಿಗೆ ಹಾಕಿಟ್ಟಿದ್ದಾಳೆ. ಆದರೆ ಆ ಡಬ್ಬಿಯ ಸುತ್ತ ನಿನ್ನ ತಮ್ಮ ಸುಳಿದಾಡುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡ.

ನಿನ್ನೆ ನೀನು ಕಳಿಸಿದ ಫೋಟೋ ಬಂತು. ಕಣ್ಣು ಹಾಯುವಷ್ಟು ದೂರ ಬಿಳೀ ಬಯಲು, ಅದರ ಅಂಚಿನಲ್ಲಿ ಟೋಪಿ ಮಫ್ಲರುಗಳ ನಡುವೆ ಮೂಗೊಂದೇ ಕಾಣುವ ನೀನು. ದೊಡ್ಡಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದಳು. ‘ಅದೇ ಕೆರೆ’ ಅಂದಳು. ಆಮೇಲೆ ಏನೂ ಮಾತಾಡದೆ ನನ್ನ ಎಡಗಾಲು ನೋಡಿದಳು.

ಫೋಟೋದ ಕೆಳಗೆ ನೀನು ಬರೆದಿದ್ದು ಒಂದೇ ಸಾಲು: ಬರುವ ಭಾನುವಾರ ಲ್ಯಾಬಿನವರೆಲ್ಲ ಸೇರಿ ಕೆರೆಯ ಮೇಲೆ ಹೋಗ್ತಿದೀವಿ. ಅದನ್ನು ಓದಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೇಡ ಅನ್ನುವುದಕ್ಕೆ ನಾನು ಬರೆಯುತ್ತಿಲ್ಲ, ಗಾಬರಿಯಾಗಬೇಡ. ಹೋಗು. ನೀರಿನ ಮೇಲೆ ನಡೆಯುವ ಭಾಗ್ಯ ತೀರ್ಥಹಳ್ಳಿ ಸೀಮೆಯಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ? ಆದರೆ ಹೋಗುವ ಮೊದಲು ನನ್ನದೊಂದು ಕಥೆ ಕೇಳಿಕೊಂಡು ಹೋಗು. ಪೋಸ್ಟಿಗೆ ಹಾಕಿದರೆ ಇದು ನಿನ್ನ ಕೈ ಸೇರುವಷ್ಟರಲ್ಲಿ ಆ ಕೆರೆ ಕರಗಿ ಬಾತುಕೋಳಿಗಳು ಈಜುತ್ತಿರುತ್ತವೆ. ಮೊಬೈಲಿನಲ್ಲಿ ಒತ್ತಲು ಹೋದರೆ ನನ್ನ ಹೆಬ್ಬೆರಳು ಒಂದೇ ಸಲಕ್ಕೆ ಮೂರು ಅಕ್ಷರ ತುಳಿಯುತ್ತದೆ. ಅದಕ್ಕೇ ಕಾಗದದ ಮೇಲೆ ಬರೆದು, ನಿನ್ನ ತಮ್ಮನ ಕೈಲಿ ಫೋಟೋ ಹೊಡೆಸಿ ಕಳಿಸುತ್ತಿದ್ದೇನೆ.

ನಾವು ಅಮೆರಿಕಕ್ಕೆ, ಈಗ ನೀನಿರುವ ಮ್ಯಾಡಿಸನ್‌ಗೆ ಹೋಗಿದ್ದು 2013ರ ನವೆಂಬರಿನಲ್ಲಿ, ನಿನ್ನ ಅಕ್ಕನ ಬಾಣಂತನಕ್ಕೆ. ಬಾಣಂತನ ಮಾಡುವವಳು ದೊಡ್ಡಮ್ಮ. ನಾನು ಉಪ್ಪಿನಕಾಯಿ, ಸಾಂಬಾರ ಪುಡಿ, ಬಜೆ ಬೇರುಗಳ ಜೊತೆ ಹೋದ ಇನ್ನೊಂದು ಸಾಮಾನು. ನೀನಾಗ ಐದನೇ ಕ್ಲಾಸು. ಫೋನ್ ಮಾಡಿದಾಗಲೆಲ್ಲ ‘ಹಿಮ ಬಿತ್ತಾ, ಹಿಮ ಬಿತ್ತಾ’ ಅಂತ ಕಾಡುತ್ತಿದ್ದೆ. ಮನೆಯಲ್ಲಿ ನನಗೆ ಕೆಲಸವಿಲ್ಲ. ದಿನಾ ಬೆಳಿಗ್ಗೆ ನಿನ್ನ ಭಾವ ಯೂನಿವರ್ಸಿಟಿಗೆ ಹೋಗುವಾಗ ನನ್ನನ್ನು ಮೆಂಡೋಟಾ ಕೆರೆಯ ದಂಡೆಯಲ್ಲಿ ಬಿಡುತ್ತಿದ್ದರು. ಒಂದು ಗಂಟೆ ತಿರುಗಾಡಿ ಬಸ್ಸು ಹತ್ತಿ ಬರುತ್ತಿದ್ದೆ. ನಾನು ಅದನ್ನು ಕೆರೆ ಅಂದರೆ ಭಾವನಿಗೆ ನಗು. ‘ಮಾವ, ಹತ್ತಿರ ಹತ್ತಿರ 10 ಸಾವಿರ ಎಕರೆ ಇದೆ ಅದು, ಆಳ 80 ಅಡಿಗೂ ಮಿಗಿಲು’ ಅನ್ನುತ್ತಿದ್ದರು. ಇರಲಿ, ನಿಂತ ನೀರು ಎಷ್ಟೇ ಇದ್ದರೂ ನಮ್ಮ ಬಾಯಿಗೆ ಕೆರೆಯೇ.

ಅಲ್ಲಿಯವರೆಗೆ ನನಗೆ ಗೊತ್ತಿದ್ದ ಹೆಪ್ಪು ಎರಡೇ: ಮೊಸರಿನದು, ಮತ್ತೆ ಮಾಗಿಯಲ್ಲಿ ಬಾಟಲಿಯೊಳಗೆ ಗಟ್ಟಿಯಾಗುವ ಕೊಬ್ಬರಿ ಎಣ್ಣೆಯದು. ಕೆರೆಯೊಂದು ಹೆಪ್ಪುಗಟ್ಟುತ್ತದೆ ಅಂದಾಗ ಆ ಪದವನ್ನು ಕೇಳಿದ್ದೆನೇ ಹೊರತು ನಂಬಿರಲಿಲ್ಲ. ಡಿಸೆಂಬರಿನಲ್ಲಿ ದಿನವೂ ನೋಡುತ್ತಿದ್ದೆ. ಊರನ್ನೇ ಫ್ರಿಜ್ಜಿನೊಳಗೆ ಇಟ್ಟ ಹಾಗೆ ಚಳಿ, ಆದರೂ ಕೆರೆ ಮಾತ್ರ ಅಲೆಯಾಡುತ್ತಲೇ ಇತ್ತು. ಒಂದು ರಾತ್ರಿ ಗಾಳಿ ನಿಂತಿತು. ಮಾರನೇ ಬೆಳಿಗ್ಗೆ ಹೋದರೆ ಅಲೆಯೇ ಇಲ್ಲ, ಸದ್ದೇ ಇಲ್ಲ. ದೊಡ್ಡಮ್ಮನಿಗೆ ಹೇಳಿದರೆ ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ‘ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸ್ತಾ ಇದ್ರೆ ಮೊಸರಾಗುತ್ತಾ?’ ಅಂದಳು. ಭಾವ ಹೇಳಿದ ವಿಜ್ಞಾನವೂ ಸುಮಾರಿಗೆ ಅದೇ. 4 ಡಿಗ್ರಿಯ ನೀರು ಎಲ್ಲಕ್ಕಿಂತ ಭಾರ, ಅದು ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ತಣ್ಣಗಾದದ್ದು ಹಗುರವಾಗಿ ಮೇಲೆ ನಿಲ್ಲುತ್ತದೆ. ಗಾಳಿ ಕಲಕದಿದ್ದರೆ ಮೇಲಿನ ಪದರ ಸೊನ್ನೆಗೆ ಇಳಿದು ಕಟ್ಟಿಕೊಳ್ಳುತ್ತದೆ. ಅಡಿಯಲ್ಲಿ ನೀರು ನೀರಾಗಿಯೇ ಇರುತ್ತದೆ, ಮೀನೂ ಬದುಕಿರುತ್ತದೆ.

ಆ ಊರಿನವರು ಕೆರೆ ಹೆಪ್ಪು ಕಟ್ಟಿದ ದಿನ, ಬಿಟ್ಟ ದಿನ ಎರಡನ್ನೂ 1850ರ ದಶಕದಿಂದ ಬರೆದಿಟ್ಟುಕೊಂಡು ಬಂದಿದ್ದಾರೆ ಅಂತ ಕೇಳಿ ನನಗೆ ಅವರ ಮೇಲೆ ಗೌರವ ಬಂತು. ನಿನ್ನ ಅಜ್ಜಯ್ಯ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ಬರೆಯುತ್ತಿದ್ದದ್ದು ನಿನಗೂ ನೆನಪಿರಬೇಕು. ಕೆರೆ ಕಟ್ಟಿತು ಅಂತ ತೀರ್ಮಾನಿಸುವುದಕ್ಕೆ ಅವರದೊಂದು ತಮಾಷೆಯ ಲೆಕ್ಕವೂ ಇದೆ: ಪಿಕ್ನಿಕ್ ಪಾಯಿಂಟಿನಿಂದ ಆಚೆ ದಡದ ಮೇಪಲ್ ಬ್ಲಫ್‌ಗೆ ಒಂದು ಪೆಟ್ಟಿಗೆ ಬಿಯರಿಗಾಗಿ ದೋಣಿ ಹುಟ್ಟು ಹಾಕಿಕೊಂಡು ಹೋಗಲು ಬಂದರೆ ಕೆರೆ ಬಿಟ್ಟಿದೆ, ಬರದಿದ್ದರೆ ಕಟ್ಟಿದೆ. 1880-81ರ ಚಳಿಗಾಲದಲ್ಲಿ 161 ದಿನ ಕಟ್ಟಿತ್ತಂತೆ, 2001-02ರಲ್ಲಿ ಬರೀ 21 ದಿನ. ಹಿಂದೆ ನಾಲ್ಕು ತಿಂಗಳ ಆಸುಪಾಸು ಇರುತ್ತಿದ್ದದ್ದು ಈಗ ಮೂರು ತಿಂಗಳೂ ನಿಲ್ಲುವುದಿಲ್ಲ. ನಮ್ಮಲ್ಲಿ ಮಳೆ ತನ್ನ ನಕ್ಷತ್ರ ಮರೆತ ಹಾಗೆಯೇ.

ನಾವಿದ್ದ ವರ್ಷ ಮಾತ್ರ ಚಳಿ ಮರೆತಿರಲಿಲ್ಲ. 2014ರ ಜನವರಿಯ ಮೊದಲ ವಾರದಲ್ಲಿ ಧ್ರುವದ ಚಳಿಯೇ ಕೆಳಗಿಳಿದು ಬಂದು ಶಾಲೆಗಳಿಗೆಲ್ಲ ರಜೆ ಕೊಟ್ಟಿದ್ದರು. ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ. ಅದಾಗಿ ಎರಡು ವಾರಕ್ಕೆ ಪಾಪು ಹುಟ್ಟಿತು. ಫೆಬ್ರವರಿಯಲ್ಲಿ ಬಾಣಂತಿ, ಕೂಸು ಇಬ್ಬರೂ ಒಂದು ಹದಕ್ಕೆ ಬಂದ ಮೇಲೆ, ಒಂದು ಶನಿವಾರ ಭಾವ ‘ಮಾವ, ಮೀನು ಹಿಡಿಯೋಕೆ ಹೋಗೋಣ್ವಾ?’ ಅಂದರು. ಮೊದಲ ಮಳೆಗೆ ಗದ್ದೆ ಹತ್ತುವ ಮೀನಿಗೆ ಕೂಣಿ ಒಡ್ಡಿ ಬೆಳೆದವನು ನಾನು. ಮೀನು ಅಂದರೆ ಬೇಡ ಅನ್ನುತ್ತೇನೆಯೆ?

ಹೊರಡುವಾಗ ಬೂಟಿನ ಪ್ರಶ್ನೆ ಬಂತು. ಬಂದ ಹೊಸದರಲ್ಲೇ ನಿನ್ನ ಅಕ್ಕ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಹಿಮದ ಬೂಟು ತೋರಿಸಿದ್ದಳು. 100 ಡಾಲರು. ಆಗ ಡಾಲರಿಗೆ 62 ರೂಪಾಯಿ. ನಾನು ಅಂಗಡಿಯಲ್ಲೇ ಗುಣಿಸಿ 6,200 ಅಂತ ಲೆಕ್ಕ ಹಾಕಿ, ‘ಆರು ತಿಂಗಳ ಕಾಲಿಗೆ ಇಷ್ಟು ದುಡ್ಡಾ’ ಅಂತ ಹೊರಗೆ ಬಂದುಬಿಟ್ಟಿದ್ದೆ. ಹಾಗಾಗಿ ಆ ದಿನ ಭಾವನ ಹಳೇ ಬೂಟು ಹಾಕಿಕೊಂಡೆ. ಅದು ನನಗೆ ಒಂದು ಸೈಜು ಚಿಕ್ಕದು. ಅದರೊಳಗೆ ಊರಿಂದ ತಂದ ಮೂರು ಜೊತೆ ಹತ್ತಿಯ ಕಾಲುಚೀಲ ತುರುಕಿದೆ. ಮೂರು ಕಂಬಳಿ ಹೊದ್ದರೆ ಮೂರು ಪಟ್ಟು ಬೆಚ್ಚಗೆ ಅನ್ನುವ ಲೆಕ್ಕ ನನ್ನದು. ಬಿಗಿಯಾದ ಬೂಟಿನಲ್ಲಿ ರಕ್ತ ಓಡಾಡುವುದಿಲ್ಲ, ಬೆವರು ಕುಡಿದ ಹತ್ತಿ ಒದ್ದೆ ಬಟ್ಟೆ ಸುತ್ತಿದ ಹಾಗೆ ಅಂತ ಯಾರಿಗೆ ಗೊತ್ತು? ಭಾವ ಕೇಳಿದರು, ‘ಕಾಲು ಬಿಗೀತಾ ಇಲ್ವಾ ಮಾವ?’ ‘ಪರವಾಗಿಲ್ಲ’ ಅಂದೆ. ಆ ದಿನದ ಮೊದಲನೇ ಪರವಾಗಿಲ್ಲ ಅದು. ಲೆಕ್ಕ ಇಟ್ಟುಕೋ.

ಭಾವನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಬಂದಿದ್ದರು. ಬಿಳಿ ಗಡ್ಡದವರು, ಆ ಕೆರೆಯ ಮೇಲೇ ನಡೆಯಲು ಕಲಿತವರು. ಅವರ ಕೈಯಲ್ಲಿ ನಮ್ಮ ಹಾರೆಯಂಥ ಒಂದು ಕಬ್ಬಿಣದ ಕೋಲು. ದಂಡೆ ಬಿಟ್ಟು ಕೆಳಗಿಳಿದ ಕೂಡಲೇ ಅದರಿಂದ ಮುಂದೆ ಕುಟ್ಟಿ ನೋಡಿ, ಸದ್ದು ಕೇಳಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ದೂರದಲ್ಲಿ ಆಗಲೇ ಹತ್ತಾರು ಜನ ಗುಡಾರ ಹಾಕಿಕೊಂಡು ಕೂತಿದ್ದಾರೆ, ಮಂಜುಗಡ್ಡೆ ಒಂದು ಮೊಳ ದಪ್ಪ ಕಟ್ಟಿದೆ, ಆದರೂ ಇವರು ಕುಟ್ಟುತ್ತಾರೆ. ನನಗೆ ಎದೆ ತುಂಬಿ ಬಂತು ಮಾರಾಯ್ತಿ. ನಮ್ಮ ಹಳ್ಳಕ್ಕೆ ಅಡಿಕೆ ಮರ ಹಾಕಿ ಕಟ್ಟುತ್ತಿದ್ದ ಸಂಕ ನೀನು ನೋಡಿಲ್ಲ. ಸಿಮೆಂಟಿನ ಮೋರಿ ಆದ ಮೇಲೆ ಹುಟ್ಟಿದವಳು ನೀನು. ಮಳೆಗಾಲದಲ್ಲಿ ನಿನ್ನ ಅಜ್ಜಯ್ಯ ಆ ಸಂಕವನ್ನು ದೊಣ್ಣೆಯಲ್ಲಿ ಕುಟ್ಟದೆ ಒಂದು ದಿನವೂ ದಾಟಿದವರಲ್ಲ. ನಿನ್ನೆ ಗಟ್ಟಿ ಇತ್ತಲ್ಲ ಅಪ್ಪಯ್ಯ ಅಂದರೆ, ‘ನಿನ್ನೆ ದಾಟಿದವ ನಿನ್ನೆಯೇ ದಾಟಿಯಾಯ್ತು’ ಅನ್ನುತ್ತಿದ್ದರು. ಆ ಗಡ್ಡದವರಿಗೆ ಇದನ್ನು ಹೇಳಬೇಕು ಅಂತ ಬಹಳ ಆಸೆಯಾಯಿತು. ನನ್ನ ಇಂಗ್ಲಿಷಿನಲ್ಲಿ ಸಂಕ ಕಟ್ಟಲು ಆಗಲಿಲ್ಲ.

ಅರ್ಧ ಮೈಲಿ ನಡೆದಿರಬೇಕು. ದೊಡ್ಡ ಬೈರಿಗೆಯಂಥದ್ದನ್ನು ತಿರುಗಿಸಿ ಮಂಜಿಗೆ ತೂತು ಕೊರೆದರು. ಕೊನೆಯ ಸುತ್ತಿಗೆ ಕಪ್ಪು ನೀರು ಬುಳಕ್ಕನೆ ಮೇಲೆ ಉಕ್ಕಿತು. ನಾನು ಬಗ್ಗಿ ನೋಡಿದೆ. ಅಷ್ಟು ಹೊತ್ತು ನೆಲ ಅಂದುಕೊಂಡು ನಡೆದಿದ್ದೆನಲ್ಲ, ಅದರ ಅಡಿಯಲ್ಲಿ ಇದು ಇತ್ತು. ಕಾಲಿನ ಬಲವೇ ಹೋದಂತಾಯಿತು. ಆಗಲೇ ಕೆರೆ ಗುಡುಗಬೇಕೇ! ಗುಡುಗಲ್ಲ ಅದು; ಕಾಡಿನ ಆ ತುದಿಯಲ್ಲಿ ದೊಡ್ಡ ಬಿದಿರು ಸಿಡಿದು, ಆ ಸದ್ದು ನೆಲದೊಳಗೇ ಓಡಿಕೊಂಡು ಬಂದು ನಮ್ಮ ಕಾಲಡಿಯಲ್ಲಿ ಹಾದು ಹೋದ ಹಾಗೆ. ನಾನು ಭಾವನ ತೋಳು ಹಿಡಿದುಕೊಂಡೆ. ಬಿಸಿಲು ಏರಿದಾಗ, ಇಳಿದಾಗ ಮಂಜು ಹಿಗ್ಗಿ ಕುಗ್ಗುವ ಸದ್ದು, ಮುರಿಯುವುದಲ್ಲ ಅಂತ ಅವರು ಸಮಾಧಾನ ಹೇಳಿದರು. ‘ಹೆದರಿದ್ರಾ ಮಾವ?’ ‘ಏ, ಪರವಾಗಿಲ್ಲ.’ ಎರಡನೆಯದು.

ಬಕೆಟ್ಟು ಬೋರಲು ಹಾಕಿ ಕೂತೆವು. ಮೊಳದುದ್ದದ ಗಾಳದ ಕೋಲು, ಅದರ ತುದಿ ಕಂಪಿಸಿದರೆ ಎಳೆಯುವುದು. ಪರ್ಚ್ ಅಂತ ಹಳದಿ ಮೈಗೆ ಹಸಿರು ಪಟ್ಟೆಯ ಗೇಣುದ್ದದ ಮೀನು. ಮೇಲೆ ಬಂದ ಐದು ನಿಮಿಷಕ್ಕೆ ಕಡ್ಡಿಯ ಹಾಗೆ ಸೆಟೆಯುತ್ತಿತ್ತು. ದೂರದಲ್ಲಿ ಹಾಯಿ ಕಟ್ಟಿದ ದೋಣಿಗಳು ಮಂಜಿನ ಮೇಲೆ ಕಬ್ಬಿಣದ ಅಲಗಿನಲ್ಲಿ ಬಸ್ಸಿಗಿಂತ ಜೋರಾಗಿ ಓಡುತ್ತಿದ್ದವು. 1979ರಲ್ಲಿ ನಿನ್ನ ಯೂನಿವರ್ಸಿಟಿಯ ಹುಡುಗರು ಲಿಬರ್ಟಿ ಪ್ರತಿಮೆಯ ತಲೆ ಮತ್ತು ದೀವಟಿಗೆ ಹಿಡಿದ ಕೈ ಮಾಡಿ, ಇಡೀ ಪ್ರತಿಮೆ ಮುಳುಗಿ ಇಷ್ಟೇ ಮೇಲುಳಿದಿದೆ ಅನ್ನುವ ಹಾಗೆ ಆ ಮಂಜಿನ ಮೇಲೆ ನಿಲ್ಲಿಸಿದ್ದರಂತೆ. ಭಾವ ಅದನ್ನು ನಗುನಗುತ್ತ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನನ್ನ ಧ್ಯಾನವೆಲ್ಲ ಎಡಗಾಲಿನ ಬೆರಳುಗಳಲ್ಲಿತ್ತು.

ಮೊದಲು ಕಚ್ಚುವ ಚಳಿ. ಆಮೇಲೆ ಸೂಜಿ ಚುಚ್ಚಿದ ಹಾಗೆ. ಆಮೇಲೆ ಯಾರೋ ಇಕ್ಕಳದಲ್ಲಿ ಹಿಡಿದು ತಿರುವಿದ ಹಾಗೆ. ಹೇಳಬೇಕು ಅಂದುಕೊಂಡೆ. ಆದರೆ ಅವರು ಅಳಿಯ, ನೋಡು. ಮೂರು ತಿಂಗಳಿಂದ ಒಂದು ದಿನ ಬಿಡುವಿಲ್ಲದೆ ದುಡಿದವರು, ಆ ಹೊತ್ತು ಚಿಕ್ಕ ಹುಡುಗನ ಹಾಗೆ ಗಾಳ ನೋಡುತ್ತಿದ್ದಾರೆ. ಆ ಗಡ್ಡದವರು ನನಗೋಸ್ಕರ ಅಂತ ಬೆಳಿಗ್ಗೆ ಎದ್ದು ಬಂದಿದ್ದಾರೆ. ಇವರ ಖುಷಿ ಕೆಡಿಸಿ ‘ನನ್ನ ಕಾಲು ನೋಯುತ್ತೆ, ಮನೆಗೆ ಹೋಗೋಣ’ ಅನ್ನುವುದು ಹೇಗೆ? ಭಾವ ಎರಡು ಸಲ ಕೇಳಿದರು, ‘ಕಾಲು ಹೇಗಿದೆ ಮಾವ?’ ಎರಡು ಸಲವೂ ನಾನು ಹೇಳಿದ್ದು ಅದೇ ಮಾತು. ಆಮೇಲೆ, ದೇವರು ದೊಡ್ಡವನು, ನೋವು ತಾನಾಗಿಯೇ ನಿಂತಿತು. ಮೈ ಚಳಿಗೆ ಒಗ್ಗಿತು ಅಂದುಕೊಂಡೆ. ಮಾಗಿಯ ಬೆಳಿಗ್ಗೆ ಹೊಳೆಗೆ ಇಳಿದರೆ ಮೊದಲ ಮುಳುಗು ಮಾತ್ರ ಕಷ್ಟ, ಆಮೇಲೆ ಸಲೀಸು, ಹಾಗೆ. ಇನ್ನೂ ಒಂದು ಗಂಟೆ ಹಾಯಾಗಿ ಕೂತಿದ್ದೆ. ನಾಲ್ಕು ಮೀನೂ ಹಿಡಿದೆ.

ಸಿಂಧು, ಆ ಹಾಯೇ ಅಪಾಯ. ಚಳಿಯಲ್ಲಿ ನೋಯುವವರೆಗೆ ಬೆರಳು ಬದುಕಿದೆ ಅಂತ ಅರ್ಥ. ನೋವು ನಿಂತಾಗ ನರಗಳು ಮಾತು ನಿಲ್ಲಿಸಿವೆ ಅಂತ.

ಮನೆಗೆ ಬಂದು ಚೀಲ ಬಿಚ್ಚಿದರೆ ಎರಡು ಬೆರಳು ಮೇಣದಬತ್ತಿಯ ಬಣ್ಣಕ್ಕಿದ್ದವು. ಮುಟ್ಟಿದರೆ ನನ್ನವಲ್ಲ. ಅಲ್ಲಿಯಾದರೂ ಮಗಳನ್ನು ಕೂಗಬೇಡವೇ? ಅವಳು ಪಾಪು ಮಲಗಿಸುತ್ತಿದ್ದಾಳೆ, ಯಾಕೆ ತೊಂದರೆ ಅಂತ ಸದ್ದಿಲ್ಲದೆ ಬಚ್ಚಲಿಗೆ ಹೋಗಿ ಬಿಸಿನೀರು ಬಿಟ್ಟುಕೊಂಡು ಕಾಲಿಟ್ಟೆ. ಎಷ್ಟು ಬಿಸಿ ಅಂತ ಆ ಕಾಲಿಗೆ ಗೊತ್ತಾಗಬೇಕಲ್ಲ! ದೊಡ್ಡಮ್ಮ ಹಬೆ ಕಂಡು ಬಂದು, ಕೈ ಅದ್ದಿ, ಕಿರುಚಿದಳು. ಹೆಪ್ಪುಗಟ್ಟಿದ ಬೆರಳನ್ನು ನಾನೇ ಬೇಯಿಸಿಕೊಂಡಿದ್ದೆ. ಫೋನಿನಲ್ಲಿ ಸಿಕ್ಕ ನರ್ಸಮ್ಮ ಆಮೇಲೆ ಹೇಳಿದ್ದು: ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ನೀರು ಮೈಬಿಸಿಯಷ್ಟೇ ಇರಬೇಕು, 37ರಿಂದ 39 ಡಿಗ್ರಿ, ಅದನ್ನೂ ಸರಿಯಿರುವ ಕೈಯಿಂದ ಬೇರೆಯವರು ನೋಡಬೇಕು. ಜೀವ ಮರಳಿ ಬರುವಾಗ ಆದ ನೋವನ್ನು ಬರೆಯುವುದಿಲ್ಲ. ಬೊಬ್ಬೆ ಎದ್ದವು, ಕಪ್ಪಾದವು, ಚರ್ಮ ಸುಲಿಯಿತು. ಬೆರಳು ಉಳಿದವು, ಪುಣ್ಯ. ಬಾಣಂತನಕ್ಕೆ ಹೋದ ದೊಡ್ಡಮ್ಮ ಬಾಣಂತಿಯ ಜೊತೆ ನನ್ನನ್ನೂ ನೋಡಿಕೊಂಡಳು. ಹಿಡಿದ ಮೀನು ಆ ರಾತ್ರಿ ಯಾರಿಗೂ ನೆನಪಾಗಲಿಲ್ಲ. ಇವತ್ತಿಗೂ ಪುಷ್ಯ ಮಾಸದ ಬೆಳಿಗ್ಗೆ ಕೊಟ್ಟಿಗೆಯ ಕಲ್ಲಿನ ಮೇಲೆ ಕಾಲಿಟ್ಟರೆ ಆ ಎರಡು ಬೆರಳು ಮೆಂಡೋಟಾ ಅನ್ನುತ್ತವೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕಾಲು ಮೇಲೆ ಮಾಡಿಕೊಂಡು ಮಲಗಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ನಿನ್ನ ಅಕ್ಕ ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಬೇರೆ ಏನೋ ಹೇಳಿದಳು. ಅವಳು ಅಲ್ಲಿಗೆ ಹೋದ ಮೊದಲ ವರ್ಷ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು ಕವಿಯುತ್ತಿದ್ದಾಗ, ಗಂಡ ಬರುವವರೆಗೆ ಕಿಟಕಿಯ ಹತ್ತಿರ ಕೂತು ಅಳುತ್ತಿದ್ದಳಂತೆ. ತಿಂಗಳುಗಟ್ಟಲೆ. ‘ನಾನು ಪ್ರತಿ ಭಾನುವಾರ ಫೋನ್ ಮಾಡ್ತಿದ್ದೆನಲ್ಲೇ?’ ಅಂದೆ. ‘ಮಾಡ್ತಿದ್ರಿ. ಹೇಗಿದೀಯಾ ಅಂತ ಕೇಳ್ತಿದ್ರಿ. ಪರವಾಗಿಲ್ಲ ಅಪ್ಪಯ್ಯ ಅಂತಿದ್ದೆ. ಸರಿ ಹಾಗಾದ್ರೆ ಅಂತ ಅಡಿಕೆ ರೇಟು ಹೇಳಿ ಫೋನ್ ಇಡ್ತಿದ್ರಿ.’

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ಆ ಪದ ನಾನೇ ಕೊಟ್ಟಿದ್ದು. ಮಂಡಿ ತರಚಿದಾಗ, ಹಬ್ಬಕ್ಕೆ ಅಂಗಿ ಬರದಿದ್ದಾಗ, ಹಾಸ್ಟೆಲಿನ ಊಟ ಸೇರದಿದ್ದಾಗ ಪರವಾಗಿಲ್ಲ ಅನ್ನುವ ಮಗು ಜಾಣ ಮಗು ಅಂತ ತಲೆ ಸವರಿ ಬೆಳೆಸಿದವನು ನಾನು. ನಿನ್ನ ತಲೆಯನ್ನೂ ಸವರಿದ್ದೇನೆ. ಒಳ್ಳೆಯ ಪದವೇ ಅದು, ಬೇರೆಯವರ ತಪ್ಪಿಗೆ ಹೇಳುವಾಗ. ಕಾಲು ತುಳಿದವನಿಗೆ ಹೇಳು, ಸಾರಿಗೆ ಉಪ್ಪು ಮರೆತವಳಿಗೆ ಹೇಳು. ನಿನ್ನ ಮೈಯ ಬಗ್ಗೆ, ಮನಸ್ಸಿನ ಬಗ್ಗೆ ಯಾರಾದರೂ ಕೇಳಿದಾಗ ಮಾತ್ರ ಬೇಡ. ಇದೊಂದನ್ನು ನನಗೋಸ್ಕರ ನಡೆಸಿಕೊಡು.

ಮಂಜಿನ ದಪ್ಪ, ಗಟ್ಟಿತನದ ವಿಚಾರ ಎಲ್ಲ ನಿನ್ನ ಭಾವನಿಗೆ ಚೆನ್ನಾಗಿ ಗೊತ್ತು. ಟೆಕ್ಸಾಸಿಗೆ ಹೋದ ಮೇಲೆ ಅವರಿಗೆ ಅದನ್ನು ಕೇಳುವವರೇ ಇಲ್ಲ. ಫೋನ್ ಮಾಡು, ಖುಷಿಪಡುತ್ತಾರೆ. ನನಗೆ ನೆನಪಿರುವುದಿಷ್ಟು: ನಡೆಯುವುದಕ್ಕೆ ಕಡಿಮೆಯೆಂದರೂ 4 ಅಂಗುಲ ಇರಬೇಕು, ಅದೂ ಗಾಜಿನಂತೆ ತಿಳಿಯಾದ ಹೊಸ ಮಂಜು. ಹಿಮ ಬೆರೆತು ಬೆಳ್ಳಗಿರುವುದಕ್ಕೆ ಅದರ ಅರ್ಧ ಬಲ. ಯಹಾರಾ ಹೊಳೆ ಕೆರೆಗೆ ಸೇರುವಲ್ಲಿ, ಬಿಡುವಲ್ಲಿ ಹತ್ತಿರ ಸುಳಿಯಬೇಡ; ನೀರು ಓಡುವ ಕಡೆ ಹೆಪ್ಪು ಗಟ್ಟಿಯಾಗಿ ಕಟ್ಟುವುದಿಲ್ಲ. ಕತ್ತಿನಲ್ಲಿ ಹಿಡಿಯಿರುವ ಮೊಳೆಗಳ ಜೋಡಿ ತೂಗಿಹಾಕಿಕೊಳ್ಳುತ್ತಾರೆ, ಬಿದ್ದರೆ ಮಂಜಿಗೆ ಚುಚ್ಚಿ ಮೈ ಎಳೆದುಕೊಳ್ಳಲು. ನೀನೂ ಒಂದು ಜೋಡಿ ಕೊಂಡುಕೋ. ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಕಟ್ಟುತ್ತದೆ, ಆಗ ಒದ್ದಾಡದೆ ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು. ಆಮೇಲೆ ಕೈಕಾಲು ಮಾತು ಕೇಳುವುದು ಹತ್ತೇ ನಿಮಿಷ. ಬಂದ ದಿಕ್ಕಿಗೇ ತಿರುಗಿ ಹತ್ತಬೇಕು, ಎದ್ದು ನಿಲ್ಲದೆ ಉರುಳಿಕೊಂಡು ದೂರ ಬರಬೇಕು. ಇದನ್ನು ಬರೆಯುವಾಗ ನನ್ನ ಕೈ ನಡುಗಿ ಅಕ್ಷರ ಸೊಟ್ಟಗಾಗಿದೆ, ಓದಿಕೋ. ಕುಟ್ಟಿ ನೋಡುವ ಕೋಲು ಹಿಡಿದವರು ಒಬ್ಬರಾದರೂ ಜೊತೆಗಿರಲಿ.

ಮತ್ತೆ, ಬೆರಳು ನೊಂದರೆ ಆ ಕ್ಷಣ ಹೇಳು. ಲ್ಯಾಬಿನವರ ಸಂತೋಷ ಕೆಡುತ್ತದೆ, ಇಂಡಿಯಾದ ಹುಡುಗಿ ಚಳಿ ತಡೆಯಲಿಲ್ಲ ಅನ್ನುತ್ತಾರೆ ಅಂತೆಲ್ಲ ಅನ್ನಿಸುತ್ತದೆ. ಅನ್ನಲಿ. ನನಗೂ ಹಾಗೇ ಅನ್ನಿಸಿತ್ತು.

ಭಾನುವಾರ ಮನೆಗೆ ಬಂದು ಬಿಸಿಯಾಗಿ ಏನಾದರೂ ಕುಡಿದು ಫೋನ್ ಮಾಡು. ನಿನಗೆ ಸಂಜೆ 6 ಗಂಟೆ ಅಂದರೆ ನಮಗೆ ಸೋಮವಾರ ಬೆಳಿಗ್ಗೆ 5.30. ನಾನು ಹಾಲು ಕರೆಯುತ್ತಿರುತ್ತೇನೆ, ದೊಡ್ಡಮ್ಮ ಎತ್ತುತ್ತಾಳೆ. ಅವಳು ಮೊದಲು ಕೇಳುವುದು ಕಾಲಿನ ವಿಚಾರವನ್ನೇ. ಆಮೇಲೆ ನಾನು ಬಂದು, ನೀನು ಹೇಗಿದೀಯಾ ಅಂತ ಕೇಳುತ್ತೇನೆ. ಈ ಸಲ ಅಡಿಕೆ ರೇಟು ಹೇಳುವುದಿಲ್ಲ, ಕಾಯುತ್ತೇನೆ. ನಿಧಾನವಾಗಿ ಹೇಳು.

ಇಂತಿ ನಿನ್ನ
ದೊಡ್ಡಪ್ಪ

ತಾ.ಕ.: ಬೂಟು, ಉಣ್ಣೆಯ ಕಾಲುಚೀಲಕ್ಕೆ ಅಕ್ಕ ದುಡ್ಡು ಕಳಿಸುತ್ತಾಳಂತೆ. ಒಂದು ಸೈಜು ದೊಡ್ಡದೇ ತೆಗೆದುಕೋ. ಅಂಗಡಿಯಲ್ಲಿ ನಿಂತು 62ರಿಂದ ಗುಣಿಸಬೇಡ. ಈಗ 62 ಅಲ್ಲ ಅಂತ ನಿನ್ನ ತಮ್ಮ ಹೇಳುತ್ತಿದ್ದಾನೆ. ಎಷ್ಟು ಅಂತ ನಾನು ಕೇಳಿಲ್ಲ.